ವಾಹನ ವಿಮೆಯ ಕಂತು: ಸರ್ಕಾರ ಇಳಿಸಿದ್ದೆಷ್ಟು, ಇಳಿಸಬೇಕಾದದ್ದೆಷ್ಟು

ಪ್ರಶ್ನೆ: ನಾನು ತಿಪಟೂರಿನ ಬಳಿ ಪ್ರೌಢಶಾಲಾ ಶಿಕ್ಷಕ. ನಾಲ್ಕು ವರ್ಷ ತುಂಬಿದ 1,197 ಸಿಸಿ ಪೆಟ್ರೋಲ್ ಕಾರು ಮತ್ತು 109 ಸಿಸಿ ಸ್ಕೂಟರು ನನ್ನ ಹೆಸರಿನಲ್ಲಿವೆ. ಈ ಬಾರಿ ಕಾರಿನ ವಿಮೆ ನವೀಕರಣಕ್ಕೆ ಶೋರೂಮಿನವರು ₹16,391 ಕೇಳಿದ್ದಾರೆ, ಸ್ಕೂಟರಿಗೆ ₹1,787. ಇದುವರೆಗೆ ಒಂದು ಸಲವೂ ಕ್ಲೇಮು ಮಾಡಿಲ್ಲ. ವಾಹನ ವಿಮೆಯನ್ನು ಸುಧಾರಿಸಿ ಅಗ್ಗ ಮಾಡುವುದಾಗಿ ಸರ್ಕಾರ ಹೇಳುವುದನ್ನು ವರ್ಷಗಳಿಂದ ಓದುತ್ತಿದ್ದೇನೆ. 2025ರ ಸೆಪ್ಟೆಂಬರಿನಲ್ಲಿ ವಿಮೆಯ ಮೇಲಿನ ಜಿಎಸ್‌ಟಿಯೇ ಹೋಯಿತು ಎಂದರು. ಹಾಗಾದರೆ ನನ್ನ ಬಿಲ್ಲು ಏಕೆ ಇಳಿದಿಲ್ಲ? ದರಪಟ್ಟಿಗಳ ಪ್ರತಿಯನ್ನು ಲಗತ್ತಿಸಿದ್ದೇನೆ.

ಉತ್ತರ: ನೀವು ದರಪಟ್ಟಿಗಳನ್ನೇ ಕಳುಹಿಸಿದ್ದು ಒಳ್ಳೆಯದಾಯಿತು. ಈ ವಿಷಯದ ಬಹುಪಾಲು ಉತ್ತರ ಆ ಎರಡು ಹಾಳೆಗಳಲ್ಲೇ ಇದೆ. ಮೊದಲು ಜಿಎಸ್‌ಟಿಯ ಮಾತನ್ನು ಮುಗಿಸಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ರದ್ದಾದದ್ದು ವ್ಯಕ್ತಿಗಳು ಕೊಳ್ಳುವ ಜೀವ ವಿಮೆ ಮತ್ತು ಆರೋಗ್ಯ ವಿಮೆಗಳಿಗೆ ಮಾತ್ರ. ನಿಮ್ಮ ಕಾರು, ಸ್ಕೂಟರುಗಳ ವಿಮೆಯ ಮೇಲೆ ಹಿಂದಿನಂತೆಯೇ ಶೇ 18ರಷ್ಟು ತೆರಿಗೆ ಮುಂದುವರಿದಿದೆ. ವಾಹನ ವಿಮೆಯಲ್ಲಿ ಅಂದು ತೆರಿಗೆ ಇಳಿದದ್ದು ಸರಕು ಸಾಗಣೆ ವಾಹನಗಳ ಥರ್ಡ್ ಪಾರ್ಟಿ ವಿಮೆಗೆ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗೆ ಆದ ಹಾನಿಯನ್ನು ತುಂಬಿಕೊಡುವ ವಿಮೆಗೆ. ಅದು ಶೇ 12ರಿಂದ 5ಕ್ಕೆ ಬಂತು. ಲಾರಿ ಮಾಲೀಕರಿಗೆ ಸಿಕ್ಕ ಆ ರಿಯಾಯಿತಿ ಸ್ಕೂಟರಿನಲ್ಲಿ ಶಾಲೆಗೆ ಹೋಗುವ ಶಿಕ್ಷಕರಿಗೆ ಸಿಗಲಿಲ್ಲ. ಇದರ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ನಿಮ್ಮ ಕಾರಿನ ಹಾಳೆಯನ್ನು ನೋಡೋಣ. ವಾಹನದ ಘೋಷಿತ ಮೌಲ್ಯ, ಅಂದರೆ ಐಡಿವಿ, ₹4,00,000. ಸ್ವಂತ ಹಾನಿಯ, ಅಂದರೆ ನಿಮ್ಮ ಕಾರಿಗೇ ಆಗುವ ನಷ್ಟದ, ಕಂತು ₹9,000. ಅದರಲ್ಲಿ ಕ್ಲೇಮು ಮಾಡದ ನಾಲ್ಕು ವರ್ಷಗಳಿಗೆ ಸಿಗುವ ಶೇ 45ರಷ್ಟು ಬೋನಸ್ ಕಳೆದು ₹4,950. ಝೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವುದು), ಎಂಜಿನ್ ರಕ್ಷಣೆ, ಬಳಕೆ ಸಾಮಗ್ರಿ, ಕೀಲಿಕೈ, ರಸ್ತೆಬದಿ ನೆರವು ಎಂಬ ಐದು ಹೆಚ್ಚುವರಿ ರಕ್ಷಣೆಗಳಿಗೆ ಒಟ್ಟು ₹5,200. ಥರ್ಡ್ ಪಾರ್ಟಿ ವಿಮೆಗೆ ₹3,416. ಮಾಲೀಕ-ಚಾಲಕರ ಕಡ್ಡಾಯ ಅಪಘಾತ ವಿಮೆಗೆ ₹325. ಇವೆಲ್ಲ ಸೇರಿ ₹13,891. ಅದರ ಮೇಲೆ ಶೇ 18ರ ತೆರಿಗೆ ₹2,500. ಒಂದೇ ಮೊತ್ತವಾಗಿ ಕಾಣುವ ಈ ₹16,391ರ ಒಳಗೆ ಬೇರೆ ಬೇರೆ ಯಜಮಾನರಿರುವ ನಾಲ್ಕು ದುಡ್ಡುಗಳಿವೆ. ಸರ್ಕಾರ ದರ ಗೊತ್ತುಮಾಡುವುದು ₹3,416ರ ಒಂದು ಸಾಲಿಗೆ ಮಾತ್ರ. ಸ್ವಂತ ಹಾನಿಯ ಕಂತು ಮತ್ತು ಹೆಚ್ಚುವರಿ ರಕ್ಷಣೆಗಳ ಬೆಲೆಯನ್ನು ವಿಮಾ ಕಂಪನಿ ನಿರ್ಧರಿಸುತ್ತದೆ, ಮಾರುವವರು ಅದಕ್ಕೆ ತಮ್ಮ ಪಾಲನ್ನು ಸೇರಿಸಿರುತ್ತಾರೆ. ಸರ್ಕಾರ ಮಾಡಿದ ಸುಧಾರಣೆ ಯಾವ ಸಾಲಿಗೆ ತಾಗಿತು ಎಂದು ಕೇಳಿದರೆ ಮಾತ್ರ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತದೆ.

ಈ ವಿಂಗಡಣೆಗೆ ಒಂದು ಚರಿತ್ರೆಯಿದೆ. 2006ರ ಕೊನೆಯವರೆಗೆ ವಾಹನ ವಿಮೆಯ ಎಲ್ಲ ದರಗಳನ್ನೂ ಸುಂಕ ಸಲಹಾ ಸಮಿತಿಯೇ ನಿಗದಿ ಮಾಡುತ್ತಿತ್ತು. ಯಾವ ಕಂಪನಿಯ ಬಾಗಿಲಿಗೆ ಹೋದರೂ ಒಂದೇ ಬೆಲೆ. 2007ರ ಜನವರಿ 1ರಂದು ಸ್ವಂತ ಹಾನಿಯ ಭಾಗವನ್ನು ಆ ಕಟ್ಟಿನಿಂದ ಬಿಡಿಸಲಾಯಿತು. ಥರ್ಡ್ ಪಾರ್ಟಿ ಭಾಗವನ್ನು ಬಿಡಿಸಲಿಲ್ಲ. ಅದು ವಿಮಾ ನಿಯಂತ್ರಣ ಪ್ರಾಧಿಕಾರದ ಕೈಯಲ್ಲಿ ಉಳಿಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಮೂಲ ಕಂತನ್ನು ಪ್ರಾಧಿಕಾರದ ಸಲಹೆ ಪಡೆದು ಕೇಂದ್ರ ಸರ್ಕಾರವೇ ನಿಗದಿ ಮಾಡುವ ವ್ಯವಸ್ಥೆ ಬಂತು. ಆ ಅಧಿಕಾರದಡಿ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಮೊದಲ ದರಪಟ್ಟಿ 2022ರ ಜೂನ್ 1ರಿಂದ ಜಾರಿಗೆ ಬಂತು. ನಿಮ್ಮ ಹಾಳೆಯಲ್ಲಿರುವ ₹3,416 ಆ ಪಟ್ಟಿಯದೇ.

ಈ ಸಾಲಿನಲ್ಲಿ ಸರ್ಕಾರ ಬೆಲೆಯನ್ನು ಬಿಗಿಹಿಡಿದಿರುವುದು ನಿಜ. 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ 2019ರಲ್ಲಿ ₹3,221 ಇದ್ದದ್ದು 2022ರಲ್ಲಿ ₹3,416 ಆಯಿತು, ಅಂದರೆ ಮೂರು ವರ್ಷಕ್ಕೆ ಸುಮಾರು ಶೇ 6ರ ಏರಿಕೆ. 1,000 ಸಿಸಿ ಒಳಗಿನ ಕಾರಿಗೆ ₹2,072 ಇದ್ದದ್ದು ₹2,094. ನಿಮ್ಮ ಸ್ಕೂಟರು ಬರುವ 75ರಿಂದ 150 ಸಿಸಿ ವರ್ಗದಲ್ಲಿ ದರ ಇಳಿಯಿತು: ₹752 ಇದ್ದದ್ದು ₹714. ದೇಶದ ಬಹುಪಾಲು ಬೈಕು, ಸ್ಕೂಟರುಗಳು ಇದೇ ವರ್ಗದವು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಜತೆಗೆ ವಿದ್ಯುತ್ ವಾಹನಗಳಿಗೆ ಶೇ 15, ಹೈಬ್ರಿಡ್ ವಾಹನಗಳಿಗೆ ಶೇ 7.5, ಶಾಲಾ ಬಸ್ಸುಗಳಿಗೆ ಶೇ 15 ರಿಯಾಯಿತಿಯನ್ನೂ ಅದೇ ಪಟ್ಟಿಯಲ್ಲಿ ಕೊಡಲಾಯಿತು.

ಆದರೆ ಲೇಖನಿಯಿಂದ ಹಿಡಿದಿಟ್ಟ ಬೆಲೆ ಮತ್ತು ನಿಜವಾಗಿ ಇಳಿದ ವೆಚ್ಚ ಬೇರೆ ಬೇರೆ. ನಾನು ವೃತ್ತಿಜೀವನದ ಬಹುಭಾಗವನ್ನು ಮೋಟಾರು ಕ್ಲೇಮುಗಳ ನಡುವೆ ಕಳೆದವನು. ₹714ರ ಹಿಂದೆ ಯಾವ ಹೊಣೆ ಇದೆ ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಸ್ಕೂಟರೊಂದು ಡಿಕ್ಕಿ ಹೊಡೆದು 28 ವರ್ಷದ ಬಡಗಿಯೊಬ್ಬರು ಸತ್ತರೆನ್ನೋಣ. ಅವರ ತಿಂಗಳ ದುಡಿಮೆ ₹15,000. ಹೆಂಡತಿ, ಮಗು ಮತ್ತು ತಾಯಿ ಅವಲಂಬಿತರು. ಸುಪ್ರೀಂ ಕೋರ್ಟು 2009ರ ಸರಳಾ ವರ್ಮ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಹಾಕಿಕೊಟ್ಟ ಸೂತ್ರದ ಪ್ರಕಾರ, ಸ್ವಂತ ದುಡಿಮೆಯ 40 ವರ್ಷದೊಳಗಿನವರಿಗೆ ಮುಂದಿನ ಗಳಿಕೆಯ ಬಾಬ್ತು ಶೇ 40 ಸೇರಿಸಬೇಕು. ಅದು ₹21,000 ಆಗುತ್ತದೆ. ವರ್ಷಕ್ಕೆ ₹2,52,000. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ ₹1,68,000. 26ರಿಂದ 30ರ ವಯಸ್ಸಿಗೆ ಗುಣಕ, ಅಂದರೆ ಎಷ್ಟು ವರ್ಷದ ಗಳಿಕೆ ಎಂದು ಹಿಡಿಯುವ ಸಂಖ್ಯೆ, 17. ಗುಣಿಸಿದರೆ ₹28,56,000. ಅಂತ್ಯಕ್ರಿಯೆ, ಕುಟುಂಬದ ಒಡನಾಟದ ನಷ್ಟ ಮುಂತಾದ ಬಾಬ್ತುಗಳು ಇದರ ಮೇಲೆ. ಇದೊಂದು ಸಾವಿನ ಪರಿಹಾರಕ್ಕೆ ಸರಿಯಾಗಿ 4,000 ಸ್ಕೂಟರುಗಳ ಒಂದು ವರ್ಷದ ಕಂತು ಬೇಕು. 2022ರ ಒಂದೇ ವರ್ಷದಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅಪಘಾತ ಕಡಿಮೆಯಾಗದೆ ಕಂತು ಮಾತ್ರ ಕಡಿಮೆಯಾದರೆ ವ್ಯತ್ಯಾಸವನ್ನು ಯಾರೋ ಒಬ್ಬರು ತೆರಲೇಬೇಕು: ನಿಮ್ಮ ಸ್ವಂತ ಹಾನಿಯ ಸಾಲಿನಿಂದ ಕಂಪನಿ ಅದನ್ನು ತುಂಬಿಕೊಳ್ಳಬಹುದು, ಇಲ್ಲವೇ ಪರಿಹಾರದ ಪ್ರಕರಣವನ್ನು ಎಳೆದಾಡಿ ಸಂತ್ರಸ್ತರ ಮೇಲೆ ಆ ಭಾರವನ್ನು ಹೊರಿಸಬಹುದು.

2007ರ ನಂತರ ಲಾರಿಗಳ ವಿಷಯದಲ್ಲಿ ಇಂಥದ್ದೇ ಒತ್ತಡವನ್ನು ಕಂಡೆವು. ದರ ಸಾಲದು ಎಂದು ಕಂಪನಿಗಳು ಲಾರಿ, ಬಸ್ಸುಗಳ ಥರ್ಡ್ ಪಾರ್ಟಿ ವಿಮೆಯಿಂದ ಹಿಂದೆ ಸರಿಯತೊಡಗಿದಾಗ ವಾಣಿಜ್ಯ ವಾಹನಗಳ ಆ ಹೊಣೆಯನ್ನೆಲ್ಲ ಒಂದು ಸಾಮಾನ್ಯ ನಿಧಿಗೆ ಸೇರಿಸಿ ಎಲ್ಲ ಕಂಪನಿಗಳೂ ಹಂಚಿಕೊಳ್ಳುವ ಏರ್ಪಾಡು ಮಾಡಲಾಯಿತು. ಐದು ವರ್ಷ ನಡೆದ ಆ ನಿಧಿ ನಷ್ಟದ ಭಾರದಲ್ಲಿ 2012ರ ಮಾರ್ಚಿನಲ್ಲಿ ಮುಚ್ಚಿತು.

ವೆಚ್ಚ ಇಳಿಸುವ ಇನ್ನೊಂದು ದಾರಿಯನ್ನೂ ಸರ್ಕಾರ ಒಮ್ಮೆ ಯೋಚಿಸಿತ್ತು. ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅಗ್ಗದ ವಿಮೆ ಎಂಬ ಮಾತಿನ ಅಪಾಯ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2016ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮೋಟಾರು ವಾಹನ ತಿದ್ದುಪಡಿ ಮಸೂದೆಯಲ್ಲಿ ವಿಮಾ ಕಂಪನಿಯ ಹೊಣೆಗೆ ಮಿತಿ ಹಾಕಲಾಗಿತ್ತು: ಸಾವಿಗೆ ₹10 ಲಕ್ಷ, ತೀವ್ರ ಗಾಯಕ್ಕೆ ₹5 ಲಕ್ಷ. ಮಿತಿ ಬಂದಿದ್ದರೆ ಕಂತು ಇಳಿಯುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಮೇಲಿನ ಬಡಗಿಯ ಕುಟುಂಬಕ್ಕೆ ಬರಬೇಕಾದ ₹28,56,000ರಲ್ಲಿ ₹18,56,000 ಸ್ಕೂಟರಿನ ಮಾಲೀಕರ ಮೇಲೆ ಬೀಳುತ್ತಿತ್ತು. ಆ ಮಾಲೀಕರು ನೀವೇ ಆಗಿದ್ದರೆ ಮನೆ, ತೋಟ, ಸಂಬಳಕ್ಕೆ ಜಪ್ತಿ ಬರುತ್ತಿತ್ತು. ಏನೂ ಇಲ್ಲದವರಾಗಿದ್ದರೆ ಬಡಗಿಯ ಹೆಂಡತಿಗೆ ಬರಿಯ ತೀರ್ಪಿನ ಪ್ರತಿ ಉಳಿಯುತ್ತಿತ್ತು. ವಿರೋಧ ಬಂದ ಮೇಲೆ ಲೋಕಸಭೆ ಅಂಗೀಕರಿಸುವ ಹೊತ್ತಿಗೆ ಆ ಮಿತಿಯನ್ನು ಕೈಬಿಡಲಾಯಿತು. ಸಂತ್ರಸ್ತರ ಪರಿಹಾರವನ್ನು ಕಡಿದು ವಾಹನ ಮಾಲೀಕರಿಗೆ ಕೊಡುವ ಅಗ್ಗವನ್ನು ಸುಧಾರಣೆ ಎಂದು ನಾನು ಕರೆಯಲಾರೆ.

ವರ್ಷಗಳ ಹಿಂದೆ ಅಪಘಾತ ಪರಿಹಾರದ ನ್ಯಾಯಮಂಡಳಿಯೊಂದರ ಹೊರಗಿನ ಬೆಂಚಿನಲ್ಲಿ ಕಂಡ ಒಬ್ಬ ಹೆಣ್ಣುಮಗಳನ್ನು ನಾನು ಮರೆತಿಲ್ಲ. ಆಕೆಯ ಗಂಡನಿಗೆ ಗುದ್ದಿದ ಬೈಕಿಗೆ ವಿಮೆ ಇರಲಿಲ್ಲ. ಪರಿಹಾರದ ಆದೇಶ ಆಕೆಯ ಪರವಾಗಿಯೇ ಆಗಿತ್ತು. ಆದರೆ ಕೊಡಬೇಕಾದವನು ತೋಟದ ಕೂಲಿಯಾಳು. ಆದೇಶದ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡಿದ್ದ ಆಕೆ, ಅದನ್ನು ಯಾವ ಬ್ಯಾಂಕಿಗೆ ಕೊಟ್ಟರೆ ದುಡ್ಡು ಬರುತ್ತದೆ ಎಂದು ನನ್ನನ್ನು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ರಸ್ತೆಯ ಮೇಲಿರುವ ವಾಹನಗಳಲ್ಲಿ ಅರ್ಧದಷ್ಟಕ್ಕೆ ವಿಮೆಯೇ ಇಲ್ಲ ಎಂಬುದನ್ನು ಸಂಸತ್ತಿನ ಮುಂದೆಯೇ ಒಪ್ಪಿಕೊಂಡಾಗಿದೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ಕೊಳ್ಳುವಾಗ ಇದ್ದ ವಿಮೆ ಮುಗಿದ ಮೇಲೆ ಮತ್ತೆ ಕಟ್ಟದವು.

ಈ ಕೊರತೆಯನ್ನು ತುಂಬಲು ನಡೆದ ಯತ್ನಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ನ್ಯಾಯಾಲಯದ ಕಡೆಯಿಂದ ಬಂದದ್ದು. ಸುಪ್ರೀಂ ಕೋರ್ಟು 2018ರ ಜುಲೈನಲ್ಲಿ ಕೊಟ್ಟ ನಿರ್ದೇಶನದಂತೆ ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ನಿಮ್ಮ ಕಾರು ಕೊಂಡಾಗಲೂ ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟಿರುತ್ತೀರಿ. ಅದರ ಬೆನ್ನಿಗೇ ಮಾರಾಟಗಾರರು ಸ್ವಂತ ಹಾನಿಯ ವಿಮೆಯನ್ನೂ ಮೂರು, ಐದು ವರ್ಷಕ್ಕೆ ಕಟ್ಟಿಸಿಕೊಳ್ಳತೊಡಗಿ ವಾಹನ ರಸ್ತೆಗಿಳಿಯುವ ಹೊತ್ತಿಗೆ ಬೆಲೆ ಏರಿದಾಗ, ಪ್ರಾಧಿಕಾರ 2020ರ ಆಗಸ್ಟ್ 1ರಿಂದ ಅಂಥ ದೀರ್ಘಾವಧಿ ಸಮಗ್ರ ಪಾಲಿಸಿಗಳನ್ನು ಹಿಂತೆಗೆದುಕೊಂಡಿತು. ಥರ್ಡ್ ಪಾರ್ಟಿ ಒಂದು ಕಂಪನಿಯಲ್ಲಿದ್ದರೂ ಸ್ವಂತ ಹಾನಿಯ ವಿಮೆಯನ್ನು ಪ್ರತಿವರ್ಷ ಬೇರೆ ಕಂಪನಿಯಲ್ಲಿ ಕೊಳ್ಳುವ ಅವಕಾಶ 2019ರ ಸೆಪ್ಟೆಂಬರಿನಿಂದಲೇ ಬಂದಿತ್ತು. ಇದನ್ನು ಬಳಸಿಕೊಳ್ಳುವವರು ಇಂದಿಗೂ ಕಡಿಮೆ.

ದಂಡವನ್ನೂ ಏರಿಸಲಾಗಿದೆ: ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲ ₹2,000, ಮತ್ತೆ ಸಿಕ್ಕಿಬಿದ್ದರೆ ₹4,000, ಮೂರು ತಿಂಗಳವರೆಗೆ ಜೈಲು ಶಿಕ್ಷೆಯೂ ಆಗಬಹುದು. ₹714 ಉಳಿಸಲು ಹೋಗಿ ಇದನ್ನು ತೆತ್ತವರು ಬಹಳ ಮಂದಿ. ಆದರೂ ದಂಡದಿಂದ ಸಂತ್ರಸ್ತರಿಗೆ ಏನೂ ಬರುವುದಿಲ್ಲ.

ಕಂತಿಗೆ ನೇರವಾಗಿ ತಾಗದಿದ್ದರೂ ನನಗೆ ಮುಖ್ಯವೆನಿಸುವ ಸುಧಾರಣೆ 2022ರ ಏಪ್ರಿಲ್ 1ರಿಂದ ಜಾರಿಯಾದ ಅಪಘಾತ ವರದಿಯ ನಿಯಮಗಳದು. ಅವುಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ಸವಿವರ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು. ಅದು ಕೈಗೆ ಬಂದ 30 ದಿನದೊಳಗೆ ವಿಮಾ ಕಂಪನಿಯ ಗೊತ್ತಾದ ಅಧಿಕಾರಿ ಎಷ್ಟು ಪರಿಹಾರ ಕೊಡುತ್ತೇವೆಂದು ತಿಳಿಸಬೇಕು. ಇದು ಪ್ರತಿ ಠಾಣೆಯಲ್ಲೂ ಅಕ್ಷರಶಃ ನಡೆದರೆ ವಕೀಲರ ಶುಲ್ಕ, ವರ್ಷಗಟ್ಟಲೆ ಬಡ್ಡಿ, ಸುಳ್ಳು ಪ್ರಕರಣಗಳು ಮೂರೂ ಕಡಿಮೆಯಾಗುತ್ತವೆ. ಥರ್ಡ್ ಪಾರ್ಟಿ ವೆಚ್ಚ ನ್ಯಾಯವಾಗಿ ಇಳಿಯುವ ದಾರಿ ಇದು. ಗುದ್ದಿ ಪರಾರಿಯಾಗುವ (ಹಿಟ್ ಅಂಡ್ ರನ್) ಪ್ರಕರಣಗಳ ಪರಿಹಾರವನ್ನು ಸಾವಿಗೆ ₹25,000ದಿಂದ ₹2 ಲಕ್ಷಕ್ಕೆ, ತೀವ್ರ ಗಾಯಕ್ಕೆ ₹12,500ರಿಂದ ₹50,000ಕ್ಕೆ ಏರಿಸಿದ್ದೂ ಅದೇ ದಿನದಿಂದ. 2025ರ ಮೇ ತಿಂಗಳಲ್ಲಿ ಅಪಘಾತಕ್ಕೀಡಾದವರಿಗೆ ಏಳು ದಿನದವರೆಗೆ ₹1.5 ಲಕ್ಷದ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂತು. ಇವುಗಳ ಪಕ್ಕದಲ್ಲೇ, ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವನ್ನು ಮತ್ತೆ ತಂದದ್ದು ನನಗೆ ಸರಿ ಕಂಡಿಲ್ಲ. ದುಡಿಯುವ ಮಗನನ್ನು ಕಳೆದುಕೊಂಡ ಮನೆ ಆರು ತಿಂಗಳಲ್ಲಿ ಕಾಗದಪತ್ರ ಹೊಂದಿಸಿಕೊಳ್ಳುವುದು ಸುಲಭವಲ್ಲ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ.

ಇನ್ನು ನಿಮ್ಮ ಜೇಬಿಗೆ ಹೆಚ್ಚು ತಾಗುವ ಸ್ವಂತ ಹಾನಿಯ ಸಾಲು. 2007ಕ್ಕೆ ಮುಂಚಿನ ದರಪಟ್ಟಿಯನ್ನು ಕಂಪನಿಗಳು ಇಂದಿಗೂ ಲೆಕ್ಕದ ಅಡಿಗಲ್ಲಾಗಿ ಇಟ್ಟುಕೊಂಡಿವೆ. ಅದರಲ್ಲಿ ಬೆಂಗಳೂರು ‘ಎ’ ವಲಯ, ಕರ್ನಾಟಕದ ಉಳಿದ ಭಾಗವೆಲ್ಲ ‘ಬಿ’ ವಲಯ. ತಿಪಟೂರಿನಲ್ಲಿ ನೋಂದಣಿಯಾದ, ಐದು ವರ್ಷದೊಳಗಿನ ನಿಮ್ಮ ವರ್ಗದ ಕಾರಿಗೆ ದರ ಶೇ 3.191, ಬೆಂಗಳೂರಿನದಾಗಿದ್ದರೆ ಶೇ 3.283. ₹4,00,000ಕ್ಕೆ ಶೇ 3.191ರಂತೆ ₹12,764. ನಿಮಗೆ ಹಾಕಿರುವುದು ₹9,000, ಅಂದರೆ ಸುಮಾರು ಶೇ 30ರಷ್ಟು ರಿಯಾಯಿತಿ ಕೊಟ್ಟಿದ್ದಾರೆ. ಕೇಳಲು ದೊಡ್ಡದಾಗಿ ಕಾಣುವ ಈ ರಿಯಾಯಿತಿ, ಅಪಘಾತವಿಲ್ಲದ ನಾಲ್ಕು ವರ್ಷದ ಕಾರಿಗೆ ನೇರವಾಗಿ ಕೊಂಡಾಗ ಸಿಗುವುದಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆ. ನಡುವಿನ ಅಂತರದ ಒಂದು ಪಾಲು ಮಾರಾಟದ ಕಮಿಷನ್ನು.

ಇಲ್ಲಿ ಸರ್ಕಾರದ ನೀತಿ ಒಂದೇ ದಿಕ್ಕಿನಲ್ಲಿ ನಡೆದಿಲ್ಲ. 2017ರ ನವೆಂಬರಿನಿಂದ ವಾಹನ ಮಾರುವ ಶೋರೂಮುಗಳನ್ನು ಮೋಟಾರು ವಿಮಾ ಸೇವಾದಾತರೆಂದು ನಿಯಮದೊಳಗೆ ತಂದು, ಅವರು ಪಡೆಯಬಹುದಾದ ಶುಲ್ಕಕ್ಕೆ ಕಾರಿನ ಸ್ವಂತ ಹಾನಿಯ ಕಂತಿನ ಶೇ 19.5, ದ್ವಿಚಕ್ರ ವಾಹನದಲ್ಲಿ ಶೇ 22.5 ಎಂಬ ಮಿತಿ ಹಾಕಲಾಯಿತು. ಆ ಮಾರ್ಗಸೂಚಿಯನ್ನು ಮರುಪರಿಶೀಲಿಸಿದ ಸಮಿತಿಯು ಗ್ರಾಹಕರು ವಾಹನದ ಹಣವನ್ನು ಶೋರೂಮಿಗೂ ವಿಮೆಯ ಹಣವನ್ನು ಪ್ರತ್ಯೇಕವಾಗಿ ವಿಮಾ ಕಂಪನಿಗೂ ಕೊಡುವಂತಾಗಬೇಕು ಎಂದು ಸೂಚಿಸಿತು. ಹಾಗಾದರೆ ಮಾತ್ರ ವಿಮೆಯ ಬೆಲೆ ಕಣ್ಣಿಗೆ ಬೀಳುತ್ತದೆ ಎಂಬುದು ಅದರ ತರ್ಕ. ಆದರೆ 2023ರ ಏಪ್ರಿಲ್ 1ರಿಂದ ಬಂದ ಹೊಸ ನಿಯಮಗಳು ಒಂದೊಂದು ಬಗೆಯ ಪಾಲಿಸಿಗೂ ಇದ್ದ ಕಮಿಷನ್ ಮಿತಿಗಳನ್ನು ತೆಗೆದುಹಾಕಿ, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚ ಅದರ ಒಟ್ಟು ಕಂತಿನ ಶೇ 30 ಮೀರಬಾರದು ಎಂಬ ಒಂದೇ ಬೇಲಿಯನ್ನು ಉಳಿಸಿದವು. ಕಂಪನಿಗಳಿಗೆ ಇದರಿಂದ ಸ್ವಾತಂತ್ರ್ಯ ಸಿಕ್ಕಿತು. ಗ್ರಾಹಕರಿಗೆ ಬೆಲೆ ಇಳಿಯಬೇಕಾದರೆ, ಕೊಳ್ಳುವಾಗ ಎಷ್ಟು ಕಮಿಷನ್ ಹೋಗುತ್ತಿದೆ ಎಂಬುದನ್ನು ಪಾಲಿಸಿಯ ಮೊದಲ ಪುಟದಲ್ಲೇ ರೂಪಾಯಿಯಲ್ಲಿ ಮುದ್ರಿಸುವ ನಿಯಮವೂ ಅದರ ಜೊತೆಗೆ ಬರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಹಲವು ಕಂಪನಿಗಳ ಪಾಲಿಸಿಗಳನ್ನು ಒಂದೇ ಕಡೆ ಹೋಲಿಸಿ ಕೊಳ್ಳುವ ‘ಬಿಮಾ ಸುಗಮ್’ ಎಂಬ ಮಾರುಕಟ್ಟೆಗೆ 2024ರಲ್ಲಿ ನಿಯಮಗಳು ಬಂದಿವೆ. ಅದು ಪೂರ್ಣವಾಗಿ ಬಳಕೆಗೆ ಬಂದಾಗ ಶೋರೂಮಿನ ಹಿಡಿತ ಸಡಿಲವಾದೀತೆಂಬ ನಿರೀಕ್ಷೆ ನನಗಿದೆ.

ಪ್ರಾಧಿಕಾರ ಮಾಡಿದ ಬದಲಾವಣೆಗಳಲ್ಲಿ ನಿಮ್ಮಂಥವರಿಗೆ ನೇರವಾಗಿ ಉಪಯೋಗವಾಗುವುದು 2022ರ ಜುಲೈನದು. ಓಡಿಸಿದಷ್ಟಕ್ಕೆ ಕಂತು, ಓಡಿಸುವ ರೀತಿಗೆ ತಕ್ಕ ಕಂತು, ಒಬ್ಬರದೇ ಹಲವು ವಾಹನಗಳಿಗೆ ಒಂದೇ ಪಾಲಿಸಿ ಎಂಬ ಮೂರು ಬಗೆಗಳಿಗೆ ಆಗ ಅನುಮತಿ ಸಿಕ್ಕಿತು. ಶಾಲೆಗೆ ಸ್ಕೂಟರಿನಲ್ಲಿ ಹೋಗಿ, ಕಾರನ್ನು ಹಬ್ಬಕ್ಕೋ ಮದುವೆಗೋ ತೆಗೆಯುವವರು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರು ಓಡಿಸಬಹುದು. ದಿನವೂ ಬೆಂಗಳೂರಿಗೆ ಹೋಗಿಬರುವವರಷ್ಟೇ ಕಂತನ್ನು ಅವರು ತೆರಬೇಕಿಲ್ಲ. 2024ರ ಜೂನಿನ ಸುತ್ತೋಲೆ ಇನ್ನೂ ಮುಂದೆ ಹೋಗಿ, ಇಂಥ ಆಯ್ಕೆಯನ್ನು ಗ್ರಾಹಕರ ಮುಂದೆ ಮೊದಲಿಗೇ ಇಡಬೇಕೆಂದಿತು. ಪಾಲಿಸಿಯನ್ನು ಯಾವ ಕಾರಣ ಕೊಡದೆಯೂ ರದ್ದುಮಾಡಬಹುದೆಂದಿತು. ಕಾಗದಪತ್ರ ಸಾಲದೆಂಬ ನೆಪದಲ್ಲಿ ಕ್ಲೇಮು ತಿರಸ್ಕರಿಸಬಾರದೆಂದಿತು. ನಿಮ್ಮ ದರಪಟ್ಟಿಯಲ್ಲಿ ಆ ಆಯ್ಕೆಯ ಸುಳಿವೂ ಇಲ್ಲ. ಲಿಖಿತವಾಗಿ ಕೇಳಿ.

ಕಾರುಗಳ ಮೇಲಿನ ಜಿಎಸ್‌ಟಿ ಇಳಿದದ್ದರಿಂದ ನಿಮಗೆ ಒಂದು ಪರೋಕ್ಷ ಲಾಭವೂ ಇರಬಹುದು. ನಾಲ್ಕು ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇ 28ರಿಂದ 18ಕ್ಕೆ ಬಂತು. ಐಡಿವಿ ಎಂಬುದು ಅದೇ ಮಾದರಿಯ ಹೊಸ ಕಾರಿನ ಈಗಿನ ಪಟ್ಟಿಬೆಲೆಯಿಂದ ಸವಕಳಿ ಕಳೆದು ಬರುವ ಮೊತ್ತ. ನಾಲ್ಕು ದಾಟಿ ಐದರೊಳಗಿನ ಕಾರಿಗೆ ಸವಕಳಿ ಶೇ 50. ನಿಮ್ಮ ₹4,00,000ದ ಲೆಕ್ಕಕ್ಕೆ ಹಳೆಯ ಬೆಲೆಯಾದ ₹8,00,000 ಹಿಡಿದಿದ್ದಾರೆಯೇ ಎಂದು ವಿಚಾರಿಸಿ. ಆದರೆ ಕಂತು ಉಳಿಸುವ ಆಸೆಯಿಂದ ಐಡಿವಿಯನ್ನು ಇನ್ನೂ ಕೆಳಕ್ಕೆ ಇಳಿಸಬೇಡಿ; ಕಾರು ಕಳುವಾದರೆ ಕೈಗೆ ಬರುವುದು ಆ ಮೊತ್ತವೇ.

ಐದು ಹೆಚ್ಚುವರಿ ರಕ್ಷಣೆಗಳ ಬಗ್ಗೆ ಒಂದು ಮಾತು. ನಿಮ್ಮ ಕಾರಿನ ಮುಂದಿನ ಬಂಪರು ಒಡೆದು ಗ್ಯಾರೇಜಿನವರು ಹೊಸದಕ್ಕೆ ₹8,000 ಹಾಕಿದರೆನ್ನಿ. ನಷ್ಟ ಅಂದಾಜು ಮಾಡುವ ಸರ್ವೇಯರ್ ಪ್ಲಾಸ್ಟಿಕ್ಕಿಗೆ ಶೇ 50 ಸವಕಳಿ ಕಳೆಯುತ್ತಾರೆ, ಉಳಿದದ್ದು ₹4,000. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕರೇ ಭರಿಸಬೇಕಾದ ₹1,000 ಕಳೆದರೆ ಕಂಪನಿ ಕೊಡುವುದು ₹3,000. ಇದನ್ನು ಪಡೆದುಕೊಂಡರೆ ಮುಂದಿನ ವರ್ಷ ನಿಮಗೆ ಬರಬೇಕಿದ್ದ ಶೇ 50ರ ಬೋನಸ್ ಹೋಗುತ್ತದೆ. ₹9,000ದ ಕಂತಿನಲ್ಲಿ ಅದು ₹4,500. ಮತ್ತೆ ಆ ಮೆಟ್ಟಿಲು ತಲುಪಲು ಐದು ವರ್ಷ. ಆದ್ದರಿಂದ ಬಂಪರಿನಂಥ ಸಣ್ಣ ಕೆಲಸಕ್ಕೆ ಕ್ಲೇಮು ಬೇಡ. ಬಾಗಿಲು, ಬಾನೆಟ್ಟುಗಳಂಥ ಲೋಹದ ಭಾಗಕ್ಕೆ ನಿಮ್ಮ ಕಾರಿನ ವಯಸ್ಸಿನಲ್ಲಿ ಶೇ 35 ಸವಕಳಿ ಕಳೆಯುವುದರಿಂದ ದೊಡ್ಡ ಅಪಘಾತದಲ್ಲಿ ಝೀರೋ ಡೆಪ್ರಿಸಿಯೇಷನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅದನ್ನು ಉಳಿಸಿಕೊಳ್ಳಿ. ಮಳೆನೀರು ನಿಲ್ಲುವ ಊರಿನಲ್ಲಿ ಎಂಜಿನ್ ರಕ್ಷಣೆಗೆ ಬೆಲೆಯಿದೆ, ನಿಮ್ಮಲ್ಲಿ ಅದರ ಅಗತ್ಯ ಕಡಿಮೆ. ಉಳಿದ ಮೂರನ್ನು ಬಿಡಬಹುದು.

ಸ್ಕೂಟರಿನ ಹಾಳೆಯಲ್ಲಿ ಸ್ವಂತ ಹಾನಿ ₹450, ಥರ್ಡ್ ಪಾರ್ಟಿ ₹714, ಕಡ್ಡಾಯ ಅಪಘಾತ ವಿಮೆ ₹350, ಮೇಲೆ ತೆರಿಗೆ ಇದೆ. ಈ ₹350 ನೀವು ಕೊಡಬೇಕಾದದ್ದೇ ಅಲ್ಲ. ಮಾಲೀಕ-ಚಾಲಕರ ₹15 ಲಕ್ಷದ ಅಪಘಾತ ವಿಮೆ ಮನುಷ್ಯನಿಗೆ ಒಂದು ಸಾಕು, ವಾಹನಕ್ಕೊಂದರಂತೆ ಬೇಕಿಲ್ಲ. 2019ರ ಜನವರಿಯಿಂದ ಅದನ್ನು ವಾಹನದ ಪಾಲಿಸಿಯಿಂದ ಬೇರ್ಪಡಿಸಿಯೂ ಕೊಳ್ಳಬಹುದು. ಕಾರಿನ ಪಾಲಿಸಿಯಲ್ಲಿ ಇದೆಯೆಂದು ಬರೆದುಕೊಟ್ಟರೆ ಸ್ಕೂಟರಿನಿಂದ ತೆಗೆಯುತ್ತಾರೆ, ತೆರಿಗೆಯೂ ಸೇರಿ ₹413 ಉಳಿಯುತ್ತದೆ. ಎರಡು ವಾಹನವಿರುವ ಎಷ್ಟೋ ಮನೆಗಳು ಇದನ್ನು ಅರಿಯದೆ ಎರಡೆರಡು ಸಲ ಕಟ್ಟುತ್ತಿವೆ. ಬಂದಿರುವ ಸುಧಾರಣೆಯನ್ನು ಜನರಿಗೆ ತಿಳಿಸುವವರೇ ಇಲ್ಲದಿದ್ದರೆ ಹೀಗಾಗುತ್ತದೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಈಗ ತೆರಿಗೆಯ ಮಾತಿಗೆ ಮರಳುತ್ತೇನೆ. ಕಾನೂನು ಕಡ್ಡಾಯ ಮಾಡಿದ, ಸರ್ಕಾರವೇ ಬೆಲೆ ಗೊತ್ತುಮಾಡಿದ, ಇನ್ನೊಬ್ಬರ ಪ್ರಾಣಹಾನಿಗೆ ಪರಿಹಾರವಾಗಿ ಹೋಗುವ ಹಣದ ಮೇಲೆ ಶೇ 18 ತೆರಿಗೆ ಹಾಕುವುದಕ್ಕೆ ನನಗೆ ಒಳ್ಳೆಯ ಕಾರಣವೊಂದೂ ಕಾಣುವುದಿಲ್ಲ. ಸರಕು ವಾಹನಗಳಿಗೆ ಶೇ 5 ಸಾಧ್ಯವಾಗಿರುವಾಗ ದ್ವಿಚಕ್ರ ವಾಹನಗಳಿಗೂ ಅದು ಸಾಧ್ಯವಾಗಬೇಕು. ವಿಮೆಯಿಲ್ಲದೆ ಓಡುತ್ತಿರುವ ಅರ್ಧದಷ್ಟು ವಾಹನಗಳನ್ನು ವಿಮೆಯೊಳಗೆ ತರುವುದೇ ಉದ್ದೇಶವಾದರೆ ಇದಕ್ಕಿಂತ ನೇರವಾದ ಕ್ರಮವಿಲ್ಲ; ಪರಿಹಾರದ ಒಂದು ರೂಪಾಯಿಯನ್ನೂ ಕಡಿಯದೆ ಬೆಲೆ ಇಳಿಸುವ ದಾರಿಯೂ ಇದೇ. ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. ನಮ್ಮ ರಾಜ್ಯದ ಸರ್ಕಾರಿ ವಾಹನಗಳಿಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯೇ ವಿಮೆ ನೀಡುತ್ತದೆ. ಶೋರೂಮಿನ ಕಮಿಷನ್ನಿಲ್ಲದೆ ವಿಮೆ ನಡೆಸಬಹುದೆಂಬುದು ವಿಧಾನಸೌಧದ ಜೀಪುಗಳಿಗೆ ಗೊತ್ತಿರುವ ಹಳೆಯ ವಿಷಯ.

ನಿಮ್ಮ ಬಿಲ್ಲಿಗೆ ಬರೋಣ. ಪಾಲಿಸಿ ಮುಗಿಯುವುದಕ್ಕೆ ಎರಡು ವಾರ ಮುಂಚೆ ಕನಿಷ್ಠ ಮೂರು ಕಂಪನಿಗಳಿಂದ, ಅವುಗಳಲ್ಲಿ ಒಂದು ಸರ್ಕಾರಿ ವಲಯದ್ದಿರಲಿ, ನೇರವಾಗಿ ದರ ತರಿಸಿಕೊಳ್ಳಿ. ಮುಗಿದು 90 ದಿನ ದಾಟಿದರೆ ನಾಲ್ಕು ವರ್ಷದ ಬೋನಸ್ ಪೂರ್ತಿ ಕೈಬಿಡುತ್ತದೆ, ಆ ತಪ್ಪು ಮಾತ್ರ ಆಗಬಾರದು. ಸ್ವಂತ ಹಾನಿಯ ಕಂತು ₹6,000ಕ್ಕೆ ಸಿಕ್ಕಿತೆಂದು ಇಟ್ಟುಕೊಂಡರೆ ಬೋನಸ್ ಕಳೆದು ₹3,300. ಝೀರೋ ಡೆಪ್ರಿಸಿಯೇಷನ್ನಿಗೆ ₹1,800. ಥರ್ಡ್ ಪಾರ್ಟಿ ₹3,416. ಅಪಘಾತ ವಿಮೆ ₹325. ತೆರಿಗೆ ಸೇರಿ ₹10,432 ಆಗುತ್ತದೆ, ಶೋರೂಮು ಕೇಳಿದ್ದಕ್ಕಿಂತ ₹5,959 ಕಡಿಮೆ. ಇಷ್ಟು ನಿಮ್ಮ ಕೈಯಲ್ಲಿದೆ. ಉಳಿದದ್ದರಲ್ಲಿ ಥರ್ಡ್ ಪಾರ್ಟಿಯ ಬಾಬ್ತು ತೆರಿಗೆ ಸಹಿತ ₹4,031 ಯಾವ ಕಂಪನಿಗೆ ಹೋದರೂ ಇಳಿಯುವುದಿಲ್ಲ. ಅದರಲ್ಲಿ ₹3,416 ಯಾವುದೋ ಬಡಗಿಯ ಮನೆಗೆ ಸೇರಬೇಕಾದ ಹಣ. ₹615 ತೆರಿಗೆ, ಅದನ್ನು ಇಳಿಸುವುದು ಜಿಎಸ್‌ಟಿ ಮಂಡಳಿಯ ಕೈಯಲ್ಲಿದೆ.